ಹೂಮಳೆ ಲೆಕ್ಕ ಯಾಕೆ ತಪ್ಪುತ್ತಿದೆ?

ಈ ಸಲದ ಪ್ರಶ್ನೆಗಳು ಹೆಚ್ಚಾಗಿ ಕಾಫಿ ಸೀಮೆಯವು. ಎಲ್ಲವೂ ಸುತ್ತಿ ಬಳಸಿ ಹವಾಮಾನ ಬದಲಾವಣೆಗೇ ಬಂದು ನಿಲ್ಲುವುದರಿಂದ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಹೆಚ್ಚಿನದು ರೊಬಸ್ಟಾ ಜಾತಿಯ ಕಾಫಿ. ಅಜ್ಜನ ಕಾಲದಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಹೆಚ್ಚುಕಮ್ಮಿ ಹೇಳಿದ ಟೈಮಿಗೆ ಬರುತ್ತಿತ್ತಂತೆ. ಈಗ ಒಂದು ವರ್ಷ ಕೊಯ್ಲಿನ ನಡುವೆಯೇ ಸುರಿಯುತ್ತದೆ. ಇನ್ನೊಂದು ವರ್ಷ ಏಪ್ರಿಲ್ ಬಂದರೂ ಹನಿ ಇಲ್ಲ. ಇದು ಹವಾಮಾನ ಬದಲಾವಣೆಯೋ, ನಮ್ಮ ಗ್ರಹಚಾರವೋ?

ಉತ್ತರ: ಹೂಮಳೆ ಮೊದಲಿನಿಂದಲೂ ನಂಬಿಕಸ್ಥ ಮಳೆಯಲ್ಲ. ಅದು ಬೇಸಿಗೆಯ ಗುಡುಗು ಮಳೆ. ಹಗಲೆಲ್ಲ ನೆಲ ಕಾದು, ಸಂಜೆ ಮೋಡ ಕಟ್ಟಿ, ಒಂದು ಊರಿಗೆ ಸುರಿದು ಪಕ್ಕದೂರನ್ನು ಹಾಗೇ ಬಿಟ್ಟು ಹೋಗುವಂಥದ್ದು. ಅಜ್ಜನ ಕಾಲದಲ್ಲೂ ಅದು ಕೈಕೊಟ್ಟ ವರ್ಷಗಳಿದ್ದವು. ಹಿರಿಯರಿಗೆ ಒಳ್ಳೆಯ ವರ್ಷಗಳೇ ಜಾಸ್ತಿ ನೆನಪಿರುತ್ತವೆ, ಅಲ್ವಾ? ಹಾಗಾಗಿ ನಿಮ್ಮ ತೋಟಕ್ಕೆ ಒಂದು ವರ್ಷ ಮಳೆ ತಪ್ಪಿತು ಅಂದ ಕೂಡಲೇ ಹವಾಮಾನ ಬದಲಾವಣೆ ಎಂದು ಷರಾ ಬರೆಯಲು ನನ್ನಿಂದಾಗದು.

ಆದರೆ ಹತ್ತಾರು ವರ್ಷಗಳನ್ನು, ದೊಡ್ಡ ಸೀಮೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಕತೆ ಬೇರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಇದರಿಂದ ಎರಡು ಕಡೆಯಿಂದಲೂ ಏಟು. ಮಳೆ ಇಲ್ಲದ ದಿನಗಳಲ್ಲಿ ಮಣ್ಣು ಬೇಗ ಒಣಗುತ್ತದೆ. ಮಳೆ ಬಂದ ದಿನ ಹಿಡಿದಿಟ್ಟದ್ದನ್ನೆಲ್ಲ ಒಮ್ಮೆಲೇ ಸುರಿಯುತ್ತದೆ. ಮಧ್ಯ ಭಾರತದ ದಾಖಲೆಗಳನ್ನು ನೋಡಿದ ವಿಜ್ಞಾನಿಗಳಿಗೆ 1950ರಿಂದ 2015ರ ನಡುವೆ ಅತಿ ಭಾರಿ ಮಳೆಯ ಘಟನೆಗಳು ಸುಮಾರು ಮೂರು ಪಟ್ಟಾಗಿದ್ದು ಕಂಡಿತು. ಮುಂಗಾರಿನ ಒಟ್ಟು ಮಳೆ ಮಾತ್ರ ಹಾಗೇನೂ ಹೆಚ್ಚಿರಲಿಲ್ಲ. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದೂ ಇದಕ್ಕೆ ಒಂದು ಕಾರಣ.

ನಮ್ಮ ರಾಜ್ಯದಲ್ಲೇ ನೋಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2023ರಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸುವ ವಿದ್ಯಮಾನ) ಸೇರಿಕೊಂಡು 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 2024ರ ಜುಲೈನಲ್ಲಿ ಕೊಡಗಿಗೆ ತಾಗಿಕೊಂಡಿರುವ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಆ ದಿನದ ಮಳೆ, ಭೂಮಿ ಬಿಸಿಯೇರಿದ್ದರಿಂದ ಸುಮಾರು ಶೇ 10ರಷ್ಟು ಬಿರುಸಾಗಿತ್ತು ಎಂಬುದು ವಿಜ್ಞಾನಿಗಳ ಒಂದು ತಂಡದ ಲೆಕ್ಕ. ಗಮನಿಸಿ, ಮಳೆಯನ್ನೇ ಹವಾಮಾನ ಬದಲಾವಣೆ ತಂದಿತು ಎಂದು ಅವರು ಹೇಳಲಿಲ್ಲ. ಬರುವ ಮಳೆಯನ್ನು ಅದು ಇನ್ನಷ್ಟು ಜೋರು ಮಾಡಿತು ಎಂದರು. ಗುಡ್ಡ ಕಡಿದು ರಸ್ತೆ, ರೆಸಾರ್ಟ್ ಮಾಡಿದ ತಪ್ಪು ಬೇರೆಯೇ ಇದೆ. ಅದನ್ನೂ ಆಕಾಶದ ಲೆಕ್ಕಕ್ಕೆ ಹಾಕಬಾರದು.

ಕಾಫಿಗೆ ಇದು ಯಾಕೆ ಇಷ್ಟು ನಾಟುತ್ತದೆ ಎಂದರೆ, ಗಿಡಕ್ಕೆ ಮಳೆ ಬೇಕು, ಮಳೆಗೆ ಮುಂಚೆ ಒಣಗುವುದೂ ಬೇಕು. ಕೊಯ್ಲಿನ ಹೊತ್ತಿಗೆ ಮೊಗ್ಗು ಕಟ್ಟಿ ಮಲಗಿರುತ್ತದೆ. ಕೆಲವು ವಾರ ನೆಲ ಒಣಗಿದ ಮೇಲೆ ಒಂದರಿಂದ ಒಂದೂವರೆ ಇಂಚು ಮಳೆ ಬಿದ್ದರೆ ಎಲ್ಲ ಮೊಗ್ಗೂ ಒಟ್ಟಿಗೆ ಎದ್ದು, ವಾರ ಹತ್ತು ದಿನದಲ್ಲಿ ಹೂವು. ಆಮೇಲೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲದಿದ್ದರೆ ಎಳೆ ಕಾಯಿ ನಿಲ್ಲುವುದಿಲ್ಲ. ಜನವರಿಯಲ್ಲೇ ಮಳೆ ಬಿದ್ದರೆ ಅರ್ಧ ಮೊಗ್ಗು ಈಗ, ಅರ್ಧ ಆಮೇಲೆ. ಕಣದಲ್ಲಿ ಹರಡಿದ ಕಾಫಿಯೂ ನೆನೆಯುತ್ತದೆ. ಹೂ ಅರಳಿದ ದಿನವೇ ಮಳೆಯಾದರೆ ರೊಬಸ್ಟಾಕ್ಕೆ ದೊಡ್ಡ ಪೆಟ್ಟು, ಯಾಕೆಂದರೆ ಅದಕ್ಕೆ ಬೇರೆ ಗಿಡದ ಪರಾಗ ಬೇಕು, ಮಳೆಗೆ ಆ ಪರಾಗ ತೊಳೆದುಹೋಗುತ್ತದೆ.

ಸ್ಪ್ರಿಂಕ್ಲರ್ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು ಒಂದು ಲಕ್ಷ ಲೀಟರ್. ಎಂಟು ಎಕರೆಗೆ ಒಂದೂವರೆ ಇಂಚು ಕೊಡಲು 12 ಲಕ್ಷ ಲೀಟರ್ ದಾಟುತ್ತದೆ. ಅದೂ ಹಳ್ಳ ಸೊರಗಿರುವ ತಿಂಗಳಲ್ಲಿ, ಮೇಲಿನ ತೋಟದವರು ಕೆಳಗಿನವರು ಎಲ್ಲರೂ ಅದೇ ವಾರ ಮೋಟಾರ್ ಹಾಕಿದಾಗ. ಮುಂಗಾರಿನಲ್ಲಿ ತುಂಬಿಕೊಳ್ಳುವ ಕೆರೆ ನಿಮ್ಮ ತೋಟದಲ್ಲೇ ಇದ್ದರೆ ಮಾತ್ರ ಸ್ಪ್ರಿಂಕ್ಲರ್ ನಂಬಬಹುದು.

ಪ್ರಶ್ನೆ: ನಾನು ಹಾಸನದಲ್ಲಿ ಪದವಿ ವಿದ್ಯಾರ್ಥಿನಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04 ಮಾತ್ರ ಅಂತೆ. ಅಷ್ಟು ಚೂರು ಅನಿಲ ಭೂಮಿಯನ್ನೇ ಬಿಸಿ ಮಾಡುವುದು ಹೇಗೆ? ಸೂರ್ಯನೇ ಜೋರಾಗಿರಬಹುದಲ್ಲವೇ?

ಉತ್ತರ: ಗಾಳಿಯ ಬಹುಪಾಲು ಸಾರಜನಕ ಮತ್ತು ಆಮ್ಲಜನಕ. ನೆಲದಿಂದ ಮೇಲೇಳುವ ಶಾಖವನ್ನು ಅವೆರಡೂ ತಡೆಯುವುದಿಲ್ಲ. ತಡೆಯುವ ಕೆಲಸವೆಲ್ಲ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ತರಹದ ಚಿಲ್ಲರೆ ಅನಿಲಗಳದ್ದೇ. ಕಂಬಳಿ ಹೊದ್ದ ಹಾಗೆ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಹಾಗಾಗಿ ಅನಿಲವೇ ಕೆಟ್ಟದ್ದಲ್ಲ, ಕಂಬಳಿಯ ದಪ್ಪ ಜಾಸ್ತಿಯಾಗಿದ್ದು ಸಮಸ್ಯೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ.

ಇದು ನಿನ್ನೆ ಮೊನ್ನೆಯ ಸುದ್ದಿಯೂ ಅಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಈ ಅನಿಲವಿದ್ದ ಕೊಳವೆಯೇ ಜಾಸ್ತಿ ಬಿಸಿಯಾಯಿತು. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್, ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಕೈಯಲ್ಲೇ ಲೆಕ್ಕ ಹಾಕಿದರು.

ಸೂರ್ಯನ ಅನುಮಾನ ಒಳ್ಳೆಯದೇ. ಅದಕ್ಕೆ ಉತ್ತರವೂ ಸಿಕ್ಕಿದೆ. 1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಕ್ತಿ ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತ ಬಿಟ್ಟರೆ ಅದು ಏರಿಲ್ಲ. ಇನ್ನೂ ಒಂದು ಗುರುತಿದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿಯೇರುತ್ತಿದೆ, ಬಹಳ ಮೇಲಿನ ಪದರ ತಣ್ಣಗಾಗುತ್ತಿದೆ. ಶಾಖ ಕೆಳಗೇ ಸಿಕ್ಕಿಕೊಂಡಿದೆ ಎಂದೇ ಅರ್ಥ.

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮ ತೋಟ. ಅರೇಬಿಕಾ ಕಾಫಿ ಗಿಡಗಳು ಕಾಂಡಕೊರಕ ಹುಳಕ್ಕೆ ಬಲಿಯಾಗುತ್ತಿವೆ. ಕಿತ್ತು ರೊಬಸ್ಟಾ ಹಾಕಲೇ? ಕಾಡುಮರ ತೆಗೆದು ಸಿಲ್ವರ್ (ಸಿಲ್ವರ್ ಓಕ್ ಮರ) ಹಾಕಿದರೆ ಮೆಣಸೂ ಹಬ್ಬಿಸಬಹುದು, ಮರವೂ ಮಾರಬಹುದು ಎಂದು ಎಲ್ಲರೂ ಹೇಳುತ್ತಾರೆ.

ಉತ್ತರ: ಎಲ್ಲರೂ ಹೇಳುವುದರಲ್ಲಿ ದುಡ್ಡಿನ ಲೆಕ್ಕ ತಪ್ಪೇನಿಲ್ಲ. ನೆರಳಿನ ಲೆಕ್ಕ ತಪ್ಪಿದೆ.

ಅರೇಬಿಕಾಕ್ಕೆ 15ರಿಂದ 25 ಡಿಗ್ರಿ ಹಿತ. ರೊಬಸ್ಟಾ 20ರಿಂದ 30ರವರೆಗೆ ತಾಳುತ್ತದೆ. ಬಿಳಿ ಕಾಂಡಕೊರಕವೂ ರೊಬಸ್ಟಾ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ತಗ್ಗಿನ ತೋಟಗಳು ರೊಬಸ್ಟಾ ಕಡೆ ತಿರುಗಿದ್ದು ಸರಿಯೇ. ಆದರೆ ರೊಬಸ್ಟಾ ಹೂಮಳೆಯನ್ನೇ ಕಾಯುವ ಗಿಡ. ಒಂದು ತೊಂದರೆ ಬಿಟ್ಟು ಇನ್ನೊಂದನ್ನು ಕಟ್ಟಿಕೊಂಡಂತೆ ಆಗಬಾರದು. ನೀರಿನ ದಾರಿ ನೋಡಿಕೊಳ್ಳದೆ ಅರೇಬಿಕಾ ಕೀಳಬೇಡಿ. ತೋಟ ಎತ್ತರದಲ್ಲಿದ್ದರಂತೂ ಕೀಳಲೇಬೇಡಿ.

ಮೊದಲು ನೆರಳು ನೋಡಿ. ಕಾಂಡಕೊರಕದ ದುಂಬಿ ಮೊಟ್ಟೆ ಇಡಲು ಹುಡುಕುವುದು ಬಿಸಿಲು ಬೀಳುವ ಕಾಂಡವನ್ನು. ನೆರಳು ತೆಳುವಾದ ಜಾಗದಲ್ಲೇ ಅದರ ಕಾಟ ಜಾಸ್ತಿ. ಹಲಸು, ಅತ್ತಿ, ಗೋಣಿ, ಹೊನ್ನೆ, ನಂದಿ ಇರುವ ತೋಟದಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತು, ಆಮೇಲೆ ಬರೀ ಸಿಲ್ವರ್ ಇರುವ ತೋಟಕ್ಕೆ ಹೋಗಿ ನಿಲ್ಲಿ. ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ನೆಟ್ಟಗೆ ಬೆಳೆಯುತ್ತದೆ, ಕಡಿಯಲು ಅನುಮತಿಯ ರಗಳೆ ಕಡಿಮೆ. ಆದರೆ ಅದರ ನೆರಳು ಜಾಳು, ಎಲೆಯೂ ಬೇಗ ಕೊಳೆತು ಗೊಬ್ಬರವಾಗುವುದಿಲ್ಲ. ಅಂಚಿನಲ್ಲಿ, ಅಲ್ಲಲ್ಲಿ ಇರಲಿ. ಕಾಡುಮರ ಕಡಿದು ಅದನ್ನೇ ತುಂಬಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಲಸಿನ ಮರಕ್ಕೂ ಮೆಣಸು ಚೆನ್ನಾಗಿಯೇ ಹಬ್ಬುತ್ತದೆ.

ನೆರಳು ಬೇಕು ಎಂದು ಮರಗಸಿ ಬಿಡಬೇಡಿ. ಮುಂಗಾರಿಗೆ ಮುಂಚೆ ಕೊಂಬೆ ತೆಗೆಯದಿದ್ದರೆ ಜುಲೈನ ಜಡಿಮಳೆಯಲ್ಲಿ ಕೊಳೆರೋಗ ಹಿಡಿಯುತ್ತದೆ. ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಸಿ, ಎಲೆ ಕಸ ಅದಕ್ಕೇ ಸೇರಲಿ. ಕಡಿದಾದ, ಹಿಂದೊಮ್ಮೆ ಜಾರಿದ ಜಾಗದಲ್ಲಿ ಮಾತ್ರ ಗುಂಡಿಯೂ ಬೇಡ, ಕೆರೆಯೂ ಬೇಡ. ಅಲ್ಲಿ ನೀರು ಇಂಗಿದಷ್ಟೂ ಅಪಾಯ. ಚರಂಡಿ ಮಾಡಿ ಹರಿಯಲು ಬಿಡಿ.

ಪ್ರಶ್ನೆ: ಬೆಂಗಳೂರಿನಲ್ಲಿರುವ ನಾನು ವರ್ಷಕ್ಕೆ ಹತ್ತು ಸಸಿ ನೆಟ್ಟರೆ ನನ್ನ ಪಾಲಿನ ಕೆಲಸ ಮುಗಿಯಿತೇ?

ಉತ್ತರ: ನೆಡಿ, ಬೀದಿಗೆ ನೆರಳಾಗುತ್ತದೆ. ಲೆಕ್ಕ ಮಾತ್ರ ಚುಕ್ತಾ ಆಗುವುದಿಲ್ಲ. ಸರಾಸರಿ ಭಾರತೀಯನ ಪಾಲಿಗೆ ಕಲ್ಲಿದ್ದಲು, ಪೆಟ್ರೋಲು ಮುಂತಾದವುಗಳಿಂದ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಮೆರಿಕದವರದ್ದು ಸುಮಾರು 14 ಟನ್. ಕಾರು, ಏಸಿ, ವಿಮಾನ ಇರುವ ಬೆಂಗಳೂರಿಗರು ನಮ್ಮ ಸರಾಸರಿಗಿಂತ ಮೇಲಿರುತ್ತಾರೆ. ಸಸಿ ದೊಡ್ಡದಾಗಿ ಇದನ್ನು ಹೀರಲು ಹತ್ತಾರು ವರ್ಷ ಬೇಕು, ಅಲ್ಲಿಯವರೆಗೆ ಬದುಕಿದರೆ. ಇರುವ ದೊಡ್ಡ ಮರ ಉಳಿಸುವುದು ಅದಕ್ಕಿಂತ ಲಾಭ.

ದೊಡ್ಡ ಬದಲಾವಣೆ ಆಗಬೇಕಿರುವುದು ವಿದ್ಯುತ್ತಿನಲ್ಲಿ. ಪಾವಗಡದಲ್ಲಿ ರೈತರಿಂದ ಸುಮಾರು 13 ಸಾವಿರ ಎಕರೆ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೌರ ಪಾರ್ಕ್ ಮಾಡಿದ್ದು ಒಂದು ದಾರಿ. ಭೂಮಿ ಕೊಂಡುಕೊಳ್ಳದೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕೊಟ್ಟಿದ್ದು ನನಗೆ ಮೆಚ್ಚುಗೆಯಾಯಿತು. ಜಮೀನಿಲ್ಲದ ಕೂಲಿಯವರಿಗೆ ಅದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ಹಾಗೇ ಇದೆ.

ಪ್ರಶ್ನೆ: ಆರಿದ್ರಾ, ಪುಷ್ಯ ಅಂತ ನಕ್ಷತ್ರದ ಮಳೆ ಲೆಕ್ಕವನ್ನು ಇನ್ನು ಬಿಟ್ಟುಬಿಡಬೇಕೇ? (ಸಕಲೇಶಪುರದಿಂದ ಒಬ್ಬ ಹಿರಿಯರು)

ಉತ್ತರ: ಯಾಕೆ ಬಿಡಬೇಕು? ಹದಿಮೂರು ಹದಿನಾಲ್ಕು ದಿನದ ಒಂದೊಂದು ಕಂತು, ನೆನಪಿಡಲು ಅನುಕೂಲ. ಪಕ್ಕದಲ್ಲಿ ಮಳೆಮಾಪಕದ ಅಂಕಿಯನ್ನೂ ಬರೆದಿಡಿ. ಹೂಮಳೆ ಬಿದ್ದ ದಿನ, ಹೂ ಅರಳಿದ ದಿನ, ಬ್ಯಾಕಿಂಗ್ ಬಂದ ದಿನ ಮೂರನ್ನೂ ಬರೆಯಿರಿ. ಹಳೆಯ ಎಸ್ಟೇಟುಗಳಲ್ಲಿ ಇಂಥ ಮಳೆ ಪುಸ್ತಕ ತಲೆಮಾರುಗಳಿಂದ ಇದೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದೊಂದು ಇದ್ದರೆ ಗೆದ್ದಲು ತಿನ್ನುವ ಮುಂಚೆ ತೆಗೆದು, ಪುಟಗಳ ಫೋಟೊ ಹೊಡೆದು, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರಿಗೆ ಒಮ್ಮೆ ತೋರಿಸಿ.