ತೊಡೆ ತಟ್ಟುವುದೂ ಆ ಸನ್ನೆಯೂ ಒಂದೇನಾ?

ದಾವಣಗೆರೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಹೋದ ಸಂಚಿಕೆಯಲ್ಲಿ ಅಮೆರಿಕದ ಕುಸ್ತಿ ಗುಂಪು ಡಿ-ಜನರೇಷನ್ ಎಕ್ಸ್ ಬಗ್ಗೆ ಲೇಖನ ಹಾಕಿದ್ದಿರಿ. ಅವರ ಅಸಹ್ಯ ಸನ್ನೆಯನ್ನು 'ಅವರ ಪಾಲಿನ ತೊಡೆ ತಟ್ಟುವಿಕೆ' ಎಂದು ಕರೆದಿದ್ದೀರಿ. ಹದಿನೈದು ವರ್ಷ ಗರಡಿ ಮಣ್ಣಿನಲ್ಲಿ ಬಿದ್ದೆದ್ದವನು ನಾನು. ಓದಿ ನೋವಾಯಿತು. ಮೊನ್ನೆ ನನ್ನ ಮೊಮ್ಮಗ ಕಬಡ್ಡಿಯಲ್ಲಿ ಸೋತು ಬಿದ್ದ ಹುಡುಗನ ಮುಂದೆ ನಿಂತು ಅದನ್ನೇ ಮಾಡಿದ. ಗದರಿಸಿದೆ. ಇಂಥವರನ್ನು ಹೊಗಳಿ ಬರೆಯುವ ದರ್ದು ಏನಿತ್ತು?"

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಸಾಲು ಲೇಖಕರದ್ದಲ್ಲ, ನಾನೇ ಸೇರಿಸಿದ್ದು. ಹಾಗಾಗಿ ಉತ್ತರವನ್ನೂ ನಾನೇ ಕೊಡಬೇಕು.

ಮೊದಲು ಆ ಸನ್ನೆಯ ವಿಷಯ. ಎರಡೂ ಕೈಗಳನ್ನು ತೊಡೆಸಂದಿಯ ಮುಂದೆ ಕತ್ತರಿಯ ಹಾಗೆ ಅಡ್ಡಡ್ಡ ಬೀಸಿ, ಜೊತೆಗೆ ಎರಡು ಪದದ ಒಂದು ಪೋಲಿ ಮಾತು ಹೇಳುವುದು. ಅದು ಅಶ್ಲೀಲವೇ. ಅದನ್ನು ಮುಚ್ಚಿಟ್ಟು ವಾದ ಮಾಡಲಾರೆ.

ಆದರೆ ಅದು ಎಲ್ಲಿಂದ ಬಂತು ನೋಡಿ. 1997ರಲ್ಲಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಎಂಬ ಕುಸ್ತಿ ಕಂಪನಿಯಲ್ಲಿ ಶಾನ್ ಮೈಕಲ್ಸ್, ಟ್ರಿಪಲ್ ಎಚ್, ರಿಕ್ ರೂಡ್ ಮತ್ತು ಚೈನಾ ಎಂಬ ಹೆಣ್ಣುಮಗಳು ಒಟ್ಟಾದರು. ಎದುರಾಳಿ ಕೆನಡಾದ ಬ್ರೆಟ್ ಹಾರ್ಟ್. ಮನೆಮಂದಿಯೆಲ್ಲ ಕುಸ್ತಿಯವರು, ಶಿಸ್ತಿನ ಆಟಗಾರ. ಆತ ಇವರನ್ನು ಕೆಟ್ಟುಹೋದವರು, 'ಡಿಜನರೇಟ್' ಎಂದು ಬೈದ. ಇವರು ಆ ಬೈಗುಳವನ್ನೇ ಬಿರುದು ಮಾಡಿಕೊಂಡರು. ಜನ ಛೀಮಾರಿ ಹಾಕಲಿ ಎಂದೇ ಕಟ್ಟಿದ ಖಳರ ಗುಂಪು ಅದು. ಜನ ಚಪ್ಪಾಳೆ ತಟ್ಟತೊಡಗಿದರು. ಅಲ್ಲಿ ಗೆಲುವು ಸೋಲು ಮೊದಲೇ ನಿಗದಿ ಆಗಿರುತ್ತದೆ, ನಿಜ. ಆದರೆ ಯಾರಿಗೆ ಕೂಗಬೇಕು ಎನ್ನುವುದು ಜನರ ಕೈಯಲ್ಲೇ ಇರುತ್ತದೆ.

ಮುಂದಿನ ವರ್ಷ ಮಾರ್ಚ್‌ನಲ್ಲಿ ಮೈಕಲ್ಸ್ ಬೆನ್ನು ನೋವಿನಿಂದ ಹಿಂದೆ ಸರಿದ. ಮಾರನೇ ದಿನವೇ ಟ್ರಿಪಲ್ ಎಚ್ ಗುಂಪನ್ನು ಹೊಸದಾಗಿ ಕಟ್ಟಿದ. ಎಕ್ಸ್-ಪ್ಯಾಕ್, ರೋಡ್ ಡಾಗ್, ಬಿಲ್ಲಿ ಗನ್ ಸೇರಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ರೋಡ್ ಡಾಗ್. ಮೈಕ್ ಹಿಡಿದು ರಿಂಗ್ ಕಡೆ ನಡೆದು ಬರುತ್ತಾ, ನಮ್ಮ ಕಂಪನಿ ನಾಟಕದವರು ಜೋರಾಗಿ ಸಾರುವ ಹಾಗೆ ತಮ್ಮ ಪರಿಚಯ ತಾವೇ ಹೇಳಿಕೊಳ್ಳುತ್ತಿದ್ದ. ಒಂದೊಂದು ಮಾತನ್ನೂ ಎಳೆದು ಎಳೆದು. ಕೊನೆಯ ತುಂಡು ಬಂದಾಗ ಮೈಕ್ ಕೆಳಗಿಳಿಸುತ್ತಿದ್ದ. ಉಳಿದದ್ದನ್ನು ಸಾವಿರಾರು ಜನ ಒಟ್ಟಿಗೆ ಹೇಳಿ ಮುಗಿಸುತ್ತಿದ್ದರು. ಟ್ರಿಪಲ್ ಎಚ್ 'ಆರ್ ಯು ರೆಡಿ?' ಎಂದು ಒಮ್ಮೆ ಕೇಳಿ, ಕೂಗು ಸಾಲದು ಅಂತ ಮತ್ತೊಮ್ಮೆ ಕೇಳುತ್ತಿದ್ದ. ನಾನಾಗ ಹೈಸ್ಕೂಲು. ಪಕ್ಕದ ಮನೆಯ ಕೇಬಲ್ ಟಿವಿ ಮುಂದೆ ಚಾಪೆ ಮೇಲೆ ಕೂತ ನಾವು ಐದಾರು ಹುಡುಗರು, ಅರ್ಥ ಗೊತ್ತಿಲ್ಲದೆಯೂ ಅವರ ಜೊತೆ ಕೂಗುತ್ತಿದ್ದೆವು. ಅಷ್ಟು ದೂರದ ಸಭಾಂಗಣದಲ್ಲಿ ನಮಗೂ ಒಂದು ಜಾಗ ಇದೆ ಅನಿಸುತ್ತಿತ್ತು.

ನಾನು ತೊಡೆ ತಟ್ಟುವಿಕೆ ಎಂದು ಬರೆದದ್ದು ಆ ವರ್ಷದ ಏಪ್ರಿಲ್ 27ನ್ನು ನೆನೆದು. ಡಬ್ಲ್ಯುಸಿಡಬ್ಲ್ಯು ಎಂಬ ಎದುರಾಳಿ ಕಂಪನಿಯ ಸೋಮವಾರದ ಟಿವಿ ಶೋ ವೀಕ್ಷಕರ ಲೆಕ್ಕದಲ್ಲಿ ಸತತ 83 ವಾರ ಇವರ ಕಂಪನಿಯ ಶೋವನ್ನು ಹಿಂದಿಕ್ಕಿತ್ತು. ಆ ಓಟ ಮುರಿದು ಎರಡೇ ವಾರ ಆಗಿತ್ತು. ಅವತ್ತು ವರ್ಜೀನಿಯಾ ರಾಜ್ಯದ ನಾರ್‌ಫೋಕ್‌ನಲ್ಲಿ ಅವರ ಶೋ, ಹತ್ತಿರದ ಹ್ಯಾಂಪ್ಟನ್‌ನಲ್ಲಿ ಇವರದ್ದು. ಇವರು ಮಿಲಿಟರಿ ಜೀಪಿನ ಮೇಲೆ ಫಿರಂಗಿ ಇಟ್ಟುಕೊಂಡು ನೇರ ಅವರ ಬಾಗಿಲಿಗೇ ಹೋದರು. ಟ್ರಿಪಲ್ ಎಚ್ ಕೈಯಲ್ಲಿ ಮೆಗಾಫೋನ್. ಒಳಗೆ ನುಗ್ಗಲು ನೋಡಿದರೆ ಶಟರ್ ಮುಚ್ಚಿತ್ತು. ನಮ್ಮಲ್ಲಿ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ ಮುಚ್ಚಿದ ಶಟರೇ ಇವರ ಪಾಲಿಗೆ ಗೆಲುವಾಯಿತು. ದೊಡ್ಡವರ ಮನೆ ಬಾಗಿಲಲ್ಲಿ ನಿಂತು, ಧೈರ್ಯ ಇದ್ದರೆ ಹೊರಗೆ ಬನ್ನಿ ಎಂದು ಕರೆಯುವುದು ತೊಡೆ ತಟ್ಟುವುದೇ ಅಲ್ವಾ?

ಇಲ್ಲಿಯವರೆಗೆ ನನ್ನ ಮಾತನ್ನು ಬಿಟ್ಟುಕೊಡಲಾರೆ. ಆದರೆ ಅದೇ ಗುಂಪು ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಕೆಲಸ ಮಾಡಿತು. ನೇಷನ್ ಆಫ್ ಡಾಮಿನೇಷನ್ ಎಂಬ, ಹೆಚ್ಚಾಗಿ ಕಪ್ಪು ಕುಸ್ತಿಪಟುಗಳಿದ್ದ ಗುಂಪನ್ನು ಅಣಕಿಸಲು ಮುಖಕ್ಕೆ ಕಪ್ಪು ಬಳಿದುಕೊಂಡು ಬಂದರು. ಅವತ್ತೂ ಜನ ನಕ್ಕರು. ಇವತ್ತು ನೋಡಿದರೆ ಹೊಟ್ಟೆ ತೊಳೆಸುತ್ತದೆ. ಆ ದೇಶದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡಿದ್ದಕ್ಕೆ ನೂರು ವರ್ಷಕ್ಕೂ ಮೀರಿದ ಕೆಟ್ಟ ಚರಿತ್ರೆ ಇದೆ. ಹೋದ ಸಂಚಿಕೆಯ ಲೇಖನದಲ್ಲಿ ಈ ಘಟನೆ ಇರಲೇ ಇಲ್ಲ. ಅದು ನಮ್ಮ ತಪ್ಪು. ಜೀಪಿನ ಕಥೆ ಹೇಳಿದವರು ಇದನ್ನೂ ಹೇಳಬೇಕಿತ್ತು.

ನಿಮ್ಮ ಪತ್ರ ಓದುವಾಗ ನನಗೆ ದುರ್ಯೋಧನ ನೆನಪಾದ. ತುಂಬಿದ ಸಭೆಯಲ್ಲಿ ದ್ರೌಪದಿಗೆ ಆತ ತೋರಿಸಿದ್ದೂ ತೊಡೆಯನ್ನೇ. ಗರಡಿಯಲ್ಲಿ ಪೈಲ್ವಾನ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ತಟ್ಟುವುದೂ ತೊಡೆಯನ್ನೇ. ಪೈಲ್ವಾನನ ಎದುರಿಗೆ ಅವನಷ್ಟೇ ಬಲದವನು ನಿಂತಿರುತ್ತಾನೆ. ದುರ್ಯೋಧನನ ಎದುರಿಗೆ ಯಾರಿದ್ದರು ಎಂದು ನಿಮಗೆ ಹೇಳಬೇಕಿಲ್ಲ. ಭೀಮ ಆಣೆ ಮಾಡಿ ಕೊನೆಗೆ ಮುರಿದದ್ದು ಆ ತೊಡೆಯನ್ನು. ಸನ್ನೆಯನ್ನು ಸನ್ನೆಯಾಗಿ ಮಾತ್ರ ನೋಡಿದರೆ ಈ ವ್ಯತ್ಯಾಸ ಸಿಗುವುದಿಲ್ಲ. ನನ್ನ ಆ ಒಂದು ಸಾಲು ಹಾಗೆ ಸುಮ್ನೆ ಸನ್ನೆಯನ್ನಷ್ಟೇ ನೋಡಿ ಬರೆದದ್ದು. ನಿಮಗೆ ನೋವಾದದ್ದು ಸರಿಯಾಗಿಯೇ ಇದೆ, ಕ್ಷಮಿಸಿ.

ಮೊಮ್ಮಗನನ್ನು ಗದರಿಸಿದ್ದೂ ಸರಿ. ಅವನು ಅದನ್ನು ತನಗಿಂತ ದೊಡ್ಡ ಹುಡುಗರ ತಂಡದ ಮುಂದೆ, ಆಟ ಶುರುವಾಗುವ ಮೊದಲು ಮಾಡಿದ್ದರೆ ನಾನು ಅವನ ಪರ ವಾದಿಸುತ್ತಿದ್ದೆನೋ ಏನೋ. ಅವನು ಮಾಡಿದ್ದು ನೆಲದ ಮೇಲೆ ಬಿದ್ದಿದ್ದ ಹುಡುಗನ ಮುಂದೆ.

ಆದರೂ ಆ ಆಟ ನೋಡಬೇಡ ಎಂದು ತಡೆಯಬೇಡಿ ಎನ್ನುವುದು ನನ್ನ ಕೋರಿಕೆ. ಜೊತೆಗೆ ಕೂತು ನೋಡಿ. ಚೈನಾ ಎಂಬ ಹೆಣ್ಣುಮಗಳನ್ನು ಅವನಿಗೆ ತೋರಿಸಿ. ಮೊದಮೊದಲು ಆ ಗಂಡಸರೆಲ್ಲ ಕೂಗಾಡುವಾಗ ಹಿಂದೆ ಮಾತಿಲ್ಲದೆ ಕಾವಲು ನಿಂತಿರುತ್ತಿದ್ದಳು. 1999ರಲ್ಲಿ ಗಂಡಸರ ಇಂಟರ್‌ಕಾಂಟಿನೆಂಟಲ್ ಪಟ್ಟವನ್ನೇ ಗೆದ್ದಳು, ಹಾಗೆ ಗೆದ್ದ ಮೊದಲ ಹೆಣ್ಣು. ಗುಂಪಿಗೆ ಆ ಕಂಪನಿಯ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು ಹೆಚ್ಚುಕಡಿಮೆ ಮೂರು ವರ್ಷವಾಗಿತ್ತು.

ನಿಮ್ಮಿಂದ ಒಂದು ಲೇಖನ ಬೇಕು ಮೇಷ್ಟ್ರೇ. ತೊಡೆ ತಟ್ಟುವುದನ್ನು ನಿಮ್ಮ ಉಸ್ತಾದರು ಹೇಗೆ ಕಲಿಸಿದರು, ಯಾವಾಗ ತಟ್ಟಬೇಕು, ಯಾವಾಗ ತಟ್ಟಲೇಬಾರದು ಅಂತ ಹೇಳಿದ್ದರು, ಅಷ್ಟನ್ನು ಬರೆಯಿರಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಗರಡಿಯ ಹಳೇ ಫೋಟೋ ಇದ್ದರೆ ಅದನ್ನೂ ಕಳಿಸಿ, ಜೋಪಾನವಾಗಿ ವಾಪಸ್ ಮಾಡುತ್ತೇವೆ.

ಸಂಪಾದಕ