ನಾಳೆ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡು

(2021ರ ಡಿಸೆಂಬರಿನಲ್ಲಿ ಬರೆದ ಪತ್ರ)

ಅಕ್ಕಾ ಅಂತ ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಜರ್ಮನಿಗೆ ಬಂದು ಆರು ವಾರ ಆಯಿತು, ಭಾರತದಲ್ಲಿ ಎರಡು ಡೋಸ್ ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದೀಯ, ಇಲ್ಲಿ ಅದನ್ನು ಒಪ್ಪುತ್ತಿಲ್ಲ. 24 ವಯಸ್ಸು, ಗಟ್ಟಿ ಮೈ. ಇಲ್ಲಿನ ಲಸಿಕೆ ಮತ್ತೆ ಹಾಕಿಸಿಕೊಂಡರೆ ಹೃದಯಕ್ಕೆ ತೊಂದರೆಯಾಗುತ್ತದಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯ: ಅಮ್ಮನ ಎರಡನೇ ಡೋಸ್ ಬಾಕಿ ಇದೆ, ಓಮಿಕ್ರಾನ್ ಅಂತ ಕೊರೊನಾದ ಹೊಸ ತಳಿ ಬಂದಿದೆಯಲ್ಲ, ಸ್ವಲ್ಪ ಕಾಯಲಿ ಅಂತ ಹೇಳಿದ್ದೀನಿ, ಸರಿ ಅಲ್ವಾ?

ಮೊದಲು ನಿನ್ನ ವಿಷಯ. ನವೆಂಬರ್ 3ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವ್ಯಾಕ್ಸಿನ್ ಅನ್ನು ತುರ್ತು ಬಳಕೆಯ ಪಟ್ಟಿಗೆ ಸೇರಿಸಿತು. ಆದರೂ ಇಲ್ಲಿನ ಲೆಕ್ಕಕ್ಕೆ ಅದು ಬರುವುದಿಲ್ಲ. ಈ ಡಿಸೆಂಬರಿನಿಂದ ಹೆಚ್ಚಿನ ಕಡೆ ಲಸಿಕೆ ಆದವರಿಗೆ, ಕಾಯಿಲೆ ಬಂದು ವಾಸಿಯಾದವರಿಗೆ ಮಾತ್ರ ಬಾಗಿಲು ತೆಗೆಯುತ್ತಾರೆ. ಡಾಕ್ಟರಿಗೆ ಹಳೇ ಸರ್ಟಿಫಿಕೇಟ್ ತೋರಿಸು, ತಾರೀಖು ನೋಡಿ ಅವರೇ ಹೇಳುತ್ತಾರೆ. ಇಲ್ಲಿನ ಲಸಿಕೆಯಿಂದ ಹೃದಯದ ಉರಿಯೂತ ಅನ್ನುವುದು ಸುಳ್ಳಲ್ಲ. ಅಪರೂಪಕ್ಕೆ ಆಗುತ್ತದೆ, ಆಗುವುದು ನಿನ್ನಂಥ ಹುಡುಗರಿಗೇ ಜಾಸ್ತಿ, ಅದೂ ಎರಡನೇ ಡೋಸ್ ಆದ ಕೆಲವೇ ದಿನಗಳಲ್ಲಿ. ಅದಕ್ಕೇ ಕಳೆದ ತಿಂಗಳಿಂದ ಇಲ್ಲಿ 30 ದಾಟದವರಿಗೆ ಬಯೋಎನ್‌ಟೆಕ್ (ಫೈಜರ್) ಮಾತ್ರ ಕೊಡಿ, ಮಾಡೆರ್ನಾ ಬೇಡ ಅಂತ ಹೇಳಿದ್ದಾರೆ. ಕೋವಿಡ್ ಬಂದರೂ ಹೃದಯಕ್ಕೆ ಅದೇ ತೊಂದರೆ ಆಗಬಹುದು, ಇದನ್ನೂ ಲೆಕ್ಕಕ್ಕೆ ಹಿಡಿ. ಇನ್ಶೂರೆನ್ಸ್ ಬಗ್ಗೆ ಚಿಂತೆ ಬೇಡ, ಲಸಿಕೆಗೆ ದುಡ್ಡು ಕೊಡಬೇಕಾಗಿಲ್ಲ. ರಾತ್ರಿ ಹೊತ್ತು ಡಾಕ್ಟರ್ ಬೇಕಾದರೆ 116117, ಆಂಬುಲೆನ್ಸ್‌ಗೆ 112. ಎರಡನ್ನೂ ಈಗಲೇ ಫೋನಿನಲ್ಲಿ ಹಾಕಿಟ್ಟುಕೋ.

ಗಟ್ಟಿ ಮೈ ಅನ್ನುವ ಮಾತು ನಾನೂ ಆಡಿದವಳೇ. ನಾನು ಬಂದದ್ದು 2009ರ ಅಕ್ಟೋಬರಿನಲ್ಲಿ, ಹಂದಿಜ್ವರದ ವರ್ಷ. ಆ ತಿಂಗಳ ಕೊನೆಗೆ ಇಲ್ಲಿ ಲಸಿಕೆ ಶುರುವಾಯಿತು. ನನಗ್ಯಾಕೆ ಅಂದುಕೊಂಡು ಸುಮ್ಮನಿದ್ದೆ. ನವೆಂಬರಿನಲ್ಲಿ ಜ್ವರ ಬಂತು. ಮೂರು ದಿನ ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ ಬಿದ್ದಿದ್ದೆ, ಬಾಗಿಲು ತಟ್ಟುವವರೂ ಇರಲಿಲ್ಲ. ಹಂದಿಜ್ವರವೋ ಅಲ್ಲವೋ, ಯಾರೂ ಪರೀಕ್ಷೆ ಮಾಡಲಿಲ್ಲ. ನಾಲ್ಕನೇ ದಿನ ಎದ್ದು ಕೂತೆ. ಆಮೇಲೆ ಹನ್ನೆರಡು ವರ್ಷ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದೆ. ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಅದನ್ನೇ ಬುದ್ಧಿವಂತಿಕೆ ಅಂದುಕೊಂಡುಬಿಟ್ಟೆ.

ಈಗ ನಿನ್ನ ಕೊನೆಯ ಸಾಲು. ಅದಕ್ಕೋಸ್ಕರವೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಅಪ್ಪನಿಗೆ 66, ಸಕ್ಕರೆ ಕಾಯಿಲೆ ಇತ್ತು. ಈ ವರ್ಷ ಮಾರ್ಚ್ 1ರಿಂದ ಅಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾಯಿತು. 17ನೇ ತಾರೀಖಿಗೆ ಕೋವಿಶೀಲ್ಡ್‌ಗೆ ಹೆಸರು ಬರೆಸಿದ್ದರು. 15ಕ್ಕೆ ಜರ್ಮನಿ ಆಸ್ಟ್ರಾಜೆನೆಕಾ ನಿಲ್ಲಿಸಿತು. ರಕ್ತ ಹೆಪ್ಪುಗಟ್ಟುತ್ತದೆ ಅನ್ನುವ ಸುದ್ದಿ. ಕೋವಿಶೀಲ್ಡ್ ಅಂದರೆ ಅದೇ ಲಸಿಕೆ. ನಾನು ಗಾಬರಿಯಲ್ಲಿ ಫೋನ್ ಮಾಡಿದೆ. ಅಪ್ಪ ಅರ್ಧ ತೋಳಿನ ಬಿಳಿ ಅಂಗಿ ಹಾಕಿಕೊಂಡು, ಆಧಾರ್ ಕಾರ್ಡ್ ಜೇಬಿಗಿಟ್ಟುಕೊಂಡು ಹೊರಟು ನಿಂತಿದ್ದರಂತೆ. ಬೇಡಪ್ಪಾ, ಸ್ವಲ್ಪ ಕಾಯಿರಿ ಅಂದೆ. ಸರಿಯಮ್ಮ, ನೀನು ಅಲ್ಲೇ ಇದ್ದೀಯ, ನಿನಗೆ ಗೊತ್ತಿರುತ್ತೆ ಅಂದರು. ಚಪ್ಪಲಿ ಬಿಚ್ಚಿ ಒಳಗೆ ಹೋದರಂತೆ, ಅಮ್ಮ ಆಮೇಲೆ ಹೇಳಿದರು.

ನಾಲ್ಕೇ ದಿನಕ್ಕೆ ಇಲ್ಲಿ ಲಸಿಕೆ ಮತ್ತೆ ಶುರುವಾಯಿತು. ಮಾರ್ಚ್ 30ಕ್ಕೆ ಇದೇ ಜರ್ಮನಿ, ಆಸ್ಟ್ರಾಜೆನೆಕಾ ಇನ್ನು ಮುಂದೆ 60 ದಾಟಿದವರಿಗೆ ಅಂತ ಹೇಳಿತು. ಹೆಪ್ಪುಗಟ್ಟಿದ್ದು ಲಕ್ಷಕ್ಕೆ ಒಬ್ಬಿಬ್ಬರಿಗೆ, ಅದರಲ್ಲೂ ವಯಸ್ಸಿನವರಿಗೆ ಕಡಿಮೆ. ಅಂದರೆ ಅಪ್ಪನಂಥವರಿಗೇ ಅದು ಸರಿಯಾದ ಲಸಿಕೆಯಾಗಿತ್ತು. ನಾನು ಅದನ್ನೂ ಓದಿದೆ. ಓದಿಯೂ ಮುಂದಿನ ವಾರ ನೋಡೋಣ ಅಂದೆ. ಕಾಯುವುದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ ಅಂತ ಮನಸ್ಸು ಹೇಳುತ್ತಿತ್ತು. ಲಸಿಕೆಯ ಪಕ್ಕದಲ್ಲಿ ಕಾಯಿಲೆಯನ್ನು ಇಟ್ಟು ತೂಗಬೇಕಿತ್ತು. ನಾನು ಆ ಕಡೆ ತಟ್ಟೆಯನ್ನು ಖಾಲಿ ಬಿಟ್ಟಿದ್ದೆ.

ಏಪ್ರಿಲ್ 22ಕ್ಕೆ ಜ್ವರ. ಎರಡನೇ ಅಲೆ ಹೇಗಿತ್ತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಇಲ್ಲಿಂದ ರಾತ್ರಿಯಿಡೀ ಫೋನ್ ಮಾಡಿ ಬೆಡ್ ಹುಡುಕಿದೆ. ಆಕ್ಸಿಮೀಟರಿನಲ್ಲಿ ಆಮ್ಲಜನಕ 86 ತೋರಿಸುತ್ತಿದ್ದಾಗಲೂ ಅಪ್ಪ ವಿಡಿಯೋದಲ್ಲಿ, ನನಗೇನೂ ಆಗಿಲ್ಲ, ನೀನು ಊಟ ಮಾಡಿದ್ಯಾ ಅಂತ ಕೇಳಿದರು. ಮೇ 3ಕ್ಕೆ ಹೋದರು. ನಾನು ಹೋಗಲು ಆಗಲಿಲ್ಲ.

ಹಾಕಿಸಿಕೊಂಡಿದ್ದರೆ ಏಪ್ರಿಲ್ 22ಕ್ಕೆ ಐದು ವಾರ ಆಗಿರುತ್ತಿತ್ತು. ಉಳಿಯುತ್ತಿದ್ದರು ಅಂತ ಆಣೆ ಮಾಡಿ ಹೇಳಲಾರೆ. ಆ ಐದು ವಾರವನ್ನು ನಾನೇ ಕಿತ್ತುಕೊಂಡೆ ಅಂತ ಮಾತ್ರ ಹೇಳಬಲ್ಲೆ. ದೂರದಲ್ಲಿರುವ ಮಕ್ಕಳ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆ ಇರುತ್ತದೆ ಅಂತ ನಿನಗೂ ಗೊತ್ತು. ನಿನ್ನ ಅಮ್ಮ ಈಗ ಕಾಯುತ್ತಿರುವುದು ನೀನು ಹೇಳಿದ್ದಕ್ಕೇ. ಓಮಿಕ್ರಾನ್‌ಗೆ ಅಂತಲೇ ಹೊಸ ಲಸಿಕೆ ಬರುವವರೆಗೆ ಆ ಕಾಯಿಲೆ ಕಾಯುತ್ತಾ ಕೂರುವುದಿಲ್ಲ.

ನಿನಗೆ ಸೂಜಿ ಚುಚ್ಚಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂರು. ಒಂದು ವಾರ ಜಿಮ್ ಬೇಡ. ಎದೆ ನೋವು, ಉಸಿರು ಕಟ್ಟಿದ ಹಾಗೆ ಏನಾದರೂ ಆದರೆ ತಡ ಮಾಡಬೇಡ, ಡಾಕ್ಟರಿಗೆ ತೋರಿಸು. ಅದಕ್ಕೂ ಮೊದಲು, ನಾಳೆ ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟುಕೋ. ಅಲ್ಲಿ ಆಗ ಒಂಬತ್ತೂವರೆ ಆಗಿರುತ್ತದೆ. ಫೋನ್ ಮಾಡಿ, ಅಮ್ಮಾ, ನಾನು ಹೇಳಿದ್ದು ತಪ್ಪು, ಇವತ್ತೇ ಹೋಗಿ ಹಾಕಿಸಿಕೊಂಡು ಬಾ ಅಂತ ಹೇಳು. ಅವರು ಮನೆಗೆ ವಾಪಸ್ ಬಂದ ಮೇಲೆ ನನಗೂ ಒಂದು ಸಾಲು ಬರೆ.