ದತ್ತು ಮಗುವಿನ ಅಮೆರಿಕದ ವೀಸಾಗೆ ದೆಹಲಿಯಲ್ಲಿ ಒಂದು ವಾರ ಕಾಯಬೇಕು, ನಾಲ್ಕು ವರ್ಷದವಳಿಗೆ ಏನೇನು ತೋರಿಸಬಹುದು?

ನೀವು ಬರೆದದ್ದು ಇಷ್ಟು: ಇಬ್ಬರೂ ವಿರಾಜಪೇಟೆ ಮೂಲದವರು, ಪಾಸ್‌ಪೋರ್ಟ್ ಅಮೆರಿಕದ್ದು, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಮಗಳು ಕೊಡಗಿನಲ್ಲೇ ಬೆಳೆದವಳು, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ನವೆಂಬರ್ ಕೊನೆಗೆ ದೆಹಲಿ. ಕೆಂಪುಕೋಟೆ, ಚಾಂದನಿ ಚೌಕ, ಅಕ್ಷರಧಾಮ, ಮೃಗಾಲಯ, ನಡುವೆ ಒಂದು ದಿನ ಆಗ್ರಾ. ಈ ಪಟ್ಟಿ ನಿಮಗೆ ಚೆನ್ನಾಗಿದೆ, ಅವಳಿಗಲ್ಲ. ದಿನಕ್ಕೆ ಒಂದೇ ಜಾಗ, ಅದೂ ಎರಡು ಗಂಟೆ, ಮಧ್ಯಾಹ್ನದ ನಿದ್ದೆಗೆ ವಾಪಸ್ ರೂಮಿಗೆ. ಅದಕ್ಕಿಂತ ಹೆಚ್ಚು ಎಳೆದರೆ ಸಂಜೆ ರಂಪ ಗ್ಯಾರಂಟಿ.

ನಾನಾದರೆ ರೈಲಿನಿಂದ ಶುರು ಮಾಡುತ್ತೇನೆ. ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮಡಿಕೇರಿ ರಾಜಾಸೀಟಿನ ಪುಟಾಣಿ ರೈಲು ಬಿಟ್ಟರೆ ಅವಳು ನಿಜವಾದ ಎಂಜಿನ್ ನೋಡಿರುವುದು ಅನುಮಾನ. ರಾಷ್ಟ್ರೀಯ ರೈಲು ಮ್ಯೂಸಿಯಂ ಇರುವುದು ಚಾಣಕ್ಯಪುರಿಯಲ್ಲಿ, ಅಮೆರಿಕದ ರಾಯಭಾರ ಕಚೇರಿ ಇರುವ ಬಡಾವಣೆಯಲ್ಲೇ. ಸೋಮವಾರ ರಜೆ, ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ. ಹತ್ತಕ್ಕೇ ಹೋಗಿ, ಹನ್ನೊಂದರ ನಂತರ ಶಾಲಾ ಬಸ್ಸುಗಳ ಗದ್ದಲ. ಮಕ್ಕಳ ರೈಲಿಗೆ ಬೇರೆ ಟಿಕೆಟ್, ಒಳಗೆ ಹೋದ ಕೂಡಲೇ ತೆಗೆದುಕೊಂಡುಬಿಡಿ. ಅಲ್ಲಿ ಪಟಿಯಾಲಾ ಸಂಸ್ಥಾನದ 1907ರ ಮಾನೋರೈಲ್ ಇದೆ. ಒಂದೇ ಹಳಿಯ ಮೇಲೆ ಓಡುವ ಗಾಡಿ, ವಾಲದಂತೆ ಪಕ್ಕದಲ್ಲಿ ಒಂದು ದೊಡ್ಡ ಚಕ್ರ ರಸ್ತೆಯ ಮೇಲೆ ಉರುಳುತ್ತದೆ. ‘ಇನ್ನೊಂದು ಹಳಿ ಎಲ್ಲಿ ಹೋಯ್ತು?’ ಎಂದು ಕೇಳಿ ಬಿಡಿ, ಹತ್ತು ನಿಮಿಷ ಬಗ್ಗಿ ಬಗ್ಗಿ ಹುಡುಕುತ್ತಾಳೆ.

ಎರಡನೆಯ ದಿನಕ್ಕೆ ಮೆಟ್ರೋ ಸಾಕು. ಎಲ್ಲಿಗೂ ಹೋಗಬೇಕಾಗಿಲ್ಲ, ಕೂತು ನಾಲ್ಕೈದು ನಿಲ್ದಾಣ ಹೋಗಿ ಬಂದರೂ ಅದೇ ಪ್ರವಾಸ. ಪಿಂಕ್ ಲೈನಿನಲ್ಲಿ ಮೋತಿ ಬಾಗ್ ನಿಲ್ದಾಣಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ, ರೈಲು ಮ್ಯೂಸಿಯಂಗೂ ಅಲ್ಲಿಂದ ಆಟೋ ಹಿಡಿಯಬಹುದು. ಎತ್ತರ 90 ಸೆಂ.ಮೀ. ಒಳಗಿದ್ದರೆ ಮಗುವಿಗೆ ಟಿಕೆಟ್ ಬೇಡ. ಬೆಳಿಗ್ಗೆ ಹನ್ನೊಂದರಿಂದ ಮೂರರೊಳಗೆ ಮುಗಿಸಿ. ಎಡವಟ್ಟಾಗುವುದು ತಪಾಸಣೆಯ ಜಾಗದಲ್ಲಿ: ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಇಬ್ಬರಲ್ಲಿ ಒಬ್ಬರು ಕಣ್ಮರೆಯಾದರೆ ಈ ಮಗುವಿಗೆ ಗಾಬರಿ. ಅಪ್ಪ ಮೊದಲು ದಾಟಿ ಆಚೆ ಬದಿ ಕಾಣುವಂತೆ ನಿಲ್ಲಲಿ, ಆಮೇಲೆ ಅಮ್ಮ-ಮಗಳು. ಮೊದಲ ಬೋಗಿ ಹೆಂಗಸರದ್ದು, ಮೂವರೂ ಒಟ್ಟಿಗೆ ಇರಬೇಕಾದರೆ ನಡುವಿನ ಬೋಗಿ ಹತ್ತಿ. ಎಸ್ಕಲೇಟರ್ ಬೇಡ, ಲಿಫ್ಟ್ ಹುಡುಕಿ. ಕಾಲಲ್ಲಿ ಕ್ರಾಕ್ಸ್ ಇದ್ದರಂತೂ ಖಂಡಿತ ಬೇಡ, ಮೆತ್ತನೆ ರಬ್ಬರು ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ವೀಸಾಗಾಗಿ ಮಗುವಿಗೆ ಮಾಡಿಸುವ ವೈದ್ಯಕೀಯ ತಪಾಸಣೆಯ ದಿನ ಏನೂ ಇಟ್ಟುಕೊಳ್ಳಬೇಡಿ. ಎರಡರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕ್ಷಯದ ಪರೀಕ್ಷೆಗೆಂದು ರಕ್ತ ತೆಗೆಯುತ್ತಾರೆ, ಫಲಿತಾಂಶ ಅದೇ ದಿನ ಬರುವುದಿಲ್ಲ. ನಿಮ್ಮ ವಾರ ಉದ್ದವಾಗಲು ಅದೂ ಒಂದು ಕಾರಣ. ಸೂಜಿ ಚುಚ್ಚಿಸಿಕೊಂಡವಳಿಗೆ ಸಂಜೆ ನೆಹರು ಪಾರ್ಕಿನ ಹುಲ್ಲು ಸಾಕು. ಅದೂ ಚಾಣಕ್ಯಪುರಿಯಲ್ಲೇ, ಟಿಕೆಟ್ ಇಲ್ಲ.

ಚಾಂದನಿ ಚೌಕ ಯಾಕೆ ಬೇಡವೆಂದರೆ, ಜನಜಂಗುಳಿಯಲ್ಲಿ ಕೈ ತಪ್ಪಿದರೆ ಈ ಮಗು ಏನು ಹೇಳುತ್ತದೆ ಯೋಚಿಸಿ. ನಿಮ್ಮ ಹೆಸರು ಅವಳಿಗೆ ಇನ್ನೂ ಬಾಯಿಗೆ ಬಂದಿಲ್ಲ. ತನ್ನ ಹಳೆಯ ಹೆಸರನ್ನೇ ಹೇಳಿಯಾಳು, ಅದೂ ಕನ್ನಡದಲ್ಲಿ. ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ಮೇಲೆ ಭಾರತದ ಸಿಮ್ಮಿನ ನಂಬರ್ ಬರೆಯಿರಿ; ಅಮೆರಿಕದ ನಂಬರಿಗೆ ಪೊಲೀಸ್ ಪೇದೆ ಫೋನ್ ಮಾಡುವುದಿಲ್ಲ. ದತ್ತು ಆದೇಶ, ಕಾರಾ (ಕೇಂದ್ರದ ದತ್ತು ಪ್ರಾಧಿಕಾರ) ಕೊಟ್ಟ ಕನ್‌ಫರ್ಮಿಟಿ ಪ್ರಮಾಣಪತ್ರ, ಅಂದರೆ ದತ್ತು ನಿಯಮದಂತೆ ನಡೆದಿದೆ ಎಂಬ ಪತ್ರ, ಮಗುವಿನ ಪಾಸ್‌ಪೋರ್ಟ್, ಮೂರರ ಜೆರಾಕ್ಸ್ ಬ್ಯಾಗಿನಲ್ಲಿರಲಿ, ಮೂಲಪ್ರತಿ ಹೋಟೆಲಿನ ಲಾಕರಿನಲ್ಲಿ. ಮೈಬಣ್ಣ, ಮುಖಚಹರೆ ಹೋಲದಿದ್ದರೆ ‘ಇವಳು ಯಾರ ಮಗಳು?’ ಎಂದು ದಾರಿಯಲ್ಲಿ ಹೋಗುವವರೂ ಕೇಳುತ್ತಾರೆ. ‘ನಮ್ಮ ಮಗಳು’ ಅಂದರೆ ಮುಗಿಯಿತು, ಅವಳ ಎದುರಿಗೆ ಕಥೆ ಬಿಚ್ಚಬೇಡಿ.

ಮೃಗಾಲಯ ಬಿಡಿ: ಶುಕ್ರವಾರ ರಜೆ, ನಡೆದಷ್ಟೂ ಮುಗಿಯದು, ಆನೆ ನೋಡಲು ಕೊಡಗಿನ ಮಗು ದೆಹಲಿಗೆ ಬರಬೇಕೇ? ಅಕ್ಷರಧಾಮದಲ್ಲಿ ಫೋನು, ಬ್ಯಾಗು ಎಲ್ಲ ಹೊರಗಿಟ್ಟು ಸಾಲು ನಿಲ್ಲಬೇಕು. ಆಗ್ರಾ ಹೋಗಿಬರಲು ಕಾರಿನಲ್ಲೇ ಏಳೆಂಟು ಗಂಟೆ.

ದೂರದ ಕಾರು ಪ್ರಯಾಣ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಕಾರು ಹತ್ತಿಸಿದರೆ, ಸೂಟ್‌ಕೇಸ್ ಮುಚ್ಚಿದರೆ ಮತ್ತೆ ಎಲ್ಲಿಗೋ ಬಿಟ್ಟುಬರುತ್ತಾರೆ ಎಂದು ಇಂಥ ಮಕ್ಕಳು ಹೆದರುತ್ತಾರೆ. ವಾರವಿಡೀ ಒಂದೇ ಹೋಟೆಲು, ಒಂದೇ ರೂಮು. ಹೊರಡುವಾಗ ಅವಳ ಗೊಂಬೆಯನ್ನು ಹಾಸಿಗೆ ಮೇಲೆ ಮಲಗಿಸಿ, ರೂಮಿನ ಕೀ ಅವಳ ಕೈಗೇ ಕೊಡಿ, ‘ಊಟಕ್ಕೆ ಇಲ್ಲಿಗೇ ಬರ್ತೀವಿ’ ಅನ್ನಿ. ಹೇಳಿದ ಹೊತ್ತಿಗೆ ಬನ್ನಿ. ಶವರ್ ಕೂಡ ಹೆದರಿಸೀತು, ಬಕೆಟ್-ಚೆಂಬು ಕೇಳಿ ತರಿಸಿ. ಜೇಬಿನಲ್ಲಿ ಬಿಸ್ಕತ್ತು ಬಚ್ಚಿಟ್ಟುಕೊಂಡರೆ ಕಿತ್ತುಕೊಳ್ಳಬೇಡಿ, ಇನ್ನೆರಡು ಕೊಡಿ. ಅನ್ನ-ಸಾರು ಬೇಕೆಂದು ಹಟ ಹಿಡಿದರೆ ಕೌಟಿಲ್ಯ ಮಾರ್ಗದ ಕರ್ನಾಟಕ ಭವನ ಹತ್ತಿರವೇ ಇದೆ, ಅದಕ್ಕೆ ಇಟ್ಟ ಹೆಸರೂ ‘ಕಾವೇರಿ’.

ನವೆಂಬರಿನಲ್ಲಿ ಹೊಗೆಯ ಕಾಟ. ಬೆಳಿಗ್ಗೆ ಎದ್ದು ಗಾಳಿಯ ಗುಣಮಟ್ಟ ತೋರಿಸುವ ‘ಸಮೀರ್’ ಆ್ಯಪ್ ನೋಡಿ. ಅದರಲ್ಲಿ ಸೂಚ್ಯಂಕ 300 ದಾಟಿದ್ದರೆ ಬಯಲು ಜಾಗ ಕೈಬಿಡಿ. ದೊಡ್ಡವರ ಎನ್-95 ಮಾಸ್ಕು ಆ ಪುಟ್ಟ ಮುಖಕ್ಕೆ ಕೂರುವುದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ. ಆ ದಿನಕ್ಕೆ ಬಹಾದುರ್ ಶಾ ಜಫರ್ ಮಾರ್ಗದ ಗೊಂಬೆ ಮ್ಯೂಸಿಯಂ ಇದೆ, ವ್ಯಂಗ್ಯಚಿತ್ರಕಾರ ಶಂಕರ್ ಕಟ್ಟಿದ್ದು, ಅದಕ್ಕೂ ಸೋಮವಾರ ರಜೆ. ಗಾಳಿ ತಿಳಿಯಾಗಿದ್ದರೆ ಸುಂದರ್ ನರ್ಸರಿ ಎಂಬ ಉದ್ಯಾನ. ಪಕ್ಕದ ಹುಮಾಯೂನ್ ಸಮಾಧಿಯ ಕಡಿದಾದ ಮೆಟ್ಟಿಲಿಗಿಂತ ಅಲ್ಲಿನ ಸಮತಟ್ಟು ದಾರಿ ಪುಟ್ಟ ಕಾಲಿಗೆ ಹಿತ.

ಆದರೂ ಹುಮಾಯೂನ್ ಸಮಾಧಿ ನೋಡಲೇಬೇಕೆನಿಸಿದರೆ ಕೌಂಟರಿನಲ್ಲಿ ಅಮೆರಿಕದ ಪಾಸ್‌ಪೋರ್ಟ್ ಚಾಚಬೇಡಿ. ವಿದೇಶಿಯರಿಗೆ 600 ರೂಪಾಯಿ, ಭಾರತೀಯರಿಗೆ 40. ಓಸಿಐ ಇದ್ದವರಿಗೂ ಭಾರತೀಯರ ದರವೇ, ಆದರೆ ಅಸಲಿ ಕಾರ್ಡ್ ತೋರಿಸಬೇಕು. ಹದಿನೈದರೊಳಗಿನ ಮಕ್ಕಳಿಗೆ ದುಡ್ಡಿಲ್ಲ.